ಘಾಟು: ಒಲೆಯ ಹೊಗೆಯಿಂದ ಜೀವಕೋಶದವರೆಗೆ ಆಲ್ಡಿಹೈಡುಗಳ ಚರಿತ್ರೆ

ಅಡುಗೆಮನೆಗೆ ಸಂಬಂಧಿಸಿದ ಜನಪದ ಶಬ್ದಸಂಪತ್ತಿನಲ್ಲಿ ಹೊಗೆಯ ಸುತ್ತ ಬೆಳೆದ ಮಾತುಗಳು ಒಂದು ಪ್ರತ್ಯೇಕ ಗುಂಪಾಗಿಯೇ ನಿಲ್ಲುತ್ತವೆ. ಮಸಿ, ಕಾಡಿಗೆ, ಇಲ್ಲಣ, ಕಮರು, ಧೂಪ ಇವೆಲ್ಲ ಹೊಗೆಯ ಬೇರೆ ಬೇರೆ ರೂಪಗಳನ್ನೋ ಅದು ಉಳಿಸಿಹೋದ ಗುರುತುಗಳನ್ನೋ ಹೇಳುವ ಪದಗಳು. ಇವುಗಳ ನಡುವೆ 'ಘಾಟು' ಎಂಬ ಮಾತು ಬೇರೆ ಜಾತಿಯದು. ಅದು ವಸ್ತುವನ್ನು ಹೆಸರಿಸುವುದಿಲ್ಲ. ವಸ್ತು ಮೈಗೆ ಏನು ಮಾಡುತ್ತದೆ ಎಂಬುದನ್ನು ಹೆಸರಿಸುತ್ತದೆ. ಹಸಿ ಸೌದೆ ಉರಿಯದೆ ಹೊಗೆಯಾಡಿದಾಗ, ಒಗ್ಗರಣೆಗೆ ಇಟ್ಟ ಎಣ್ಣೆ ಹದ ಮೀರಿ ಕಾದಾಗ, ಕೆಂಡಕ್ಕೆ ಮೆಣಸಿನಕಾಯಿ ಬಿದ್ದಾಗ ಕಣ್ಣು ಉರಿದು ಮೂಗು ಕಟ್ಟಿ ಕೆಮ್ಮು ಬರುವ ಅನುಭವಕ್ಕೆ ಇಟ್ಟ ಹೆಸರು ಅದು. ದೃಷ್ಟಿ ತೆಗೆದು ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದಾಗ ಘಾಟು ಬಾರದಿದ್ದರೆ ದೃಷ್ಟಿ ತಾಗಿದ್ದು ನಿಜವೆಂದು ತೀರ್ಮಾನಿಸುವ ನಂಬಿಕೆ ನಾಡಿನ ಬಹುಭಾಗದಲ್ಲಿದೆ. ಅಲ್ಲಿ ಪರೀಕ್ಷೆಯ ಉಪಕರಣ ಮನುಷ್ಯನ ಗಂಟಲೇ.

ಮೆಣಸಿನಕಾಯಿಯ ಘಾಟು ಕ್ಯಾಪ್ಸೇಸಿನ್ ಎಂಬ ದ್ರವ್ಯದಿಂದ ಬರುವಂಥದು. ಅದನ್ನು ಇಲ್ಲಿ ಬದಿಗಿಡುತ್ತೇನೆ. ಕಾದ ಎಣ್ಣೆಯ, ಹೊಗೆಯಾಡುವ ಸೌದೆಯ ಘಾಟಿನಲ್ಲಿ ಬಹುಪಾಲು ಆಲ್ಡಿಹೈಡುಗಳು ಎಂಬ ರಾಸಾಯನಿಕ ಗುಂಪಿಗೆ ಸೇರಿದ ಆವಿಗಳದ್ದು. ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್, ಅಕ್ರೊಲೀನ್ ಇವು ಅವುಗಳಲ್ಲಿ ಮುಖ್ಯವಾದವು. ಈ ಆವಿಗಳು ಜೀವಕೋಶದೊಳಗಿನ ಡಿ.ಎನ್.ಎ.ಗೆ ಹಾನಿ ಮಾಡುತ್ತವೆ ಎಂಬುದು ಕಳೆದ ಸುಮಾರು ಎಂಬತ್ತು ವರ್ಷಗಳಲ್ಲಿ ಹಂತಹಂತವಾಗಿ ತಿಳಿದುಬಂದ ಸಂಗತಿ. ಆ ತಿಳಿವಳಿಕೆ ಬೆಳೆದ ಬಗೆಯನ್ನು ಒಲೆಯ ಮುಂದಿನ ಅನುಭವದ ಜೊತೆಗಿಟ್ಟು ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಜಾನಪದ ಅಧ್ಯಯನ ಮಾಡಿದವಳು ರಸಾಯನಶಾಸ್ತ್ರದ ಚರಿತ್ರೆಗೆ ಕೈಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಹೊಗೆಯ ಬಗ್ಗೆ ನಮ್ಮ ಹೆಣ್ಣುಮಕ್ಕಳು ಹೇಳಿದ್ದನ್ನು ನಾವು, ಅಂದರೆ ಸಂಗ್ರಾಹಕರು, ಹೇಗೆ ಓದಿದೆವು ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ದಾರಿಯನ್ನು ತುಳಿಯದೆ ನಿರ್ವಾಹವಿರಲಿಲ್ಲ.

ಮೊದಲು ಹೊಗೆಯ ಉಪಕಾರವನ್ನು ಹೇಳಬೇಕು. ಹಳೆಯ ಹಳ್ಳಿಮನೆಗಳಲ್ಲಿ ಒಲೆಯ ನೇರ ಮೇಲಿನ ಅಟ್ಟ ಮನೆಯ ಅತ್ಯಂತ ಬೆಲೆಯುಳ್ಳ ಜಾಗ. ಬಿತ್ತನೆಗೆಂದು ಆರಿಸಿದ ಜೋಳದ ತೆನೆ, ಅವರೆ, ಸೋರೆ, ಹೀರೆಯ ಬೀಜಗಳು ಅಲ್ಲಿ ತೂಗುತ್ತವೆ. ಮಳೆಗಾಲದಲ್ಲಿ ಹೊಸದಾಗಿ ಹೆಣೆದ ಬುಟ್ಟಿ, ಮೊರ, ಕುಕ್ಕೆಗಳನ್ನು ಮೊದಲು ಅಟ್ಟಕ್ಕೆ ಹಾಕಿ ಆಮೇಲೆ ಬಳಕೆಗೆ ಇಳಿಸುವುದು ಮಲೆನಾಡಿನ ಮನೆಗಳ ರೂಢಿ. ಹೊಗೆ ಕುಡಿದ ಬಿದಿರಿಗೆ ಹುಳು ಹಿಡಿಯುವುದಿಲ್ಲ ಎಂಬುದು ಅಲ್ಲಿ ನಂಬಿಕೆಗಿಂತ ಹೆಚ್ಚಾಗಿ ಅನುಭವ. ಮಾಂಸಾಹಾರಿ ಮನೆಗಳಲ್ಲಿ ಕೊರಬಾಡನ್ನೂ ಹೊಳೆಯ ಮೀನನ್ನೂ ಒಲೆಯ ಮೇಲೆ ಕಟ್ಟಿ ಉಳಿಸುತ್ತಿದ್ದರು. ಸಂಜೆ ಕೊಟ್ಟಿಗೆಗೆ ಹೊಗೆ ಹಾಕುವುದು, ಬಾಣಂತಿಗೂ ಮಗುವಿಗೂ ಎಣ್ಣೆನೀರಾದ ಮೇಲೆ ಸಾಂಬ್ರಾಣಿ ಹಿಡಿಯುವುದು ಇದೇ ಸಾಲಿಗೆ ಸೇರುತ್ತವೆ. ಒಟ್ಟಿನಲ್ಲಿ ಕೆಡುವಂಥದನ್ನು ಕೆಡದಂತೆ ಕಾಯುವ ಶಕ್ತಿ ಹೊಗೆಗಿದೆ ಎಂಬ ತಿಳಿವಳಿಕೆ ಈ ಆಚರಣೆಗಳ ತಳದಲ್ಲಿದೆ. ನಮ್ಮ ಪ್ರಬಂಧಗಳಲ್ಲಿ ಇದನ್ನು 'ದೇಸೀ ಜ್ಞಾನಪರಂಪರೆ' ಎಂಬ ಶೀರ್ಷಿಕೆಯಡಿ ಸಾಕಷ್ಟು ಹೊಗಳಿದ್ದೇವೆ. ಆ ಹೊಗಳಿಕೆ ತಪ್ಪಲ್ಲ. ಆದರೆ ಅದೇ ಹೊಗೆ ಅಟ್ಟಕ್ಕೆ ಏರುವ ಮೊದಲು ಒಲೆಯ ಮುಂದೆ ಕುಳಿತವಳ ಮುಖವನ್ನು ದಾಟಿಯೇ ಹೋಗುತ್ತದೆ. ಆ ಮಾತು ನಮ್ಮ ಪ್ರಬಂಧಗಳಲ್ಲಿ ಬರಲಿಲ್ಲ.

ಬಂದದ್ದು ಬೇರೆ ರೀತಿಯಲ್ಲಿ. ಅತ್ತೆಮನೆಯಲ್ಲಿ ಅಳುವ ಸೊಸೆ ತನ್ನ ಕಣ್ಣೀರನ್ನು ಹೊಗೆಯ ಮೇಲೆ ಹಾಕುವುದು ಹೆಣ್ಣುಮಕ್ಕಳ ಹಾಡು, ಕತೆ, ಮಾತುಗಳಲ್ಲಿ ಪರಿಚಿತವಾದ ಆಶಯ. ನೋಡಬಂದ ತವರಿನವರು ಕಣ್ಣು ಕೆಂಪಾದದ್ದೇಕೆ ಎಂದು ಕೇಳಿದರೆ ಒಲೆಯ ನೆಪ ಹೇಳುವುದು. ಇದನ್ನು ನಾವು ಮರೆಮಾಚಿದ ದುಃಖದ ಸಂಕೇತವೆಂದು ವರ್ಗೀಕರಿಸಿದೆವು. ಸಂಕೇತವೆಂದ ಮೇಲೆ ಹೊಗೆಯ ಕೆಲಸ ಮುಗಿಯಿತು; ಅದರ ಹಿಂದಿನ ದುಃಖವಷ್ಟೇ ಅಧ್ಯಯನಕ್ಕೆ ಅರ್ಹವಾಯಿತು. ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಾನೂ ಕೋಲಾರದ ಕಡೆಯ ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡುವಾಗ ಹೀಗೆಯೇ ಮಾಡಿದ್ದೆ. ಹಾಡು ಹೇಳುವ ನಡುವೆ ಕೆಮ್ಮು ಬಂದು ನಿಲ್ಲಿಸಿದ ವಕ್ತೃಗಳು ಹಲವರು. ಧ್ವನಿಸುರುಳಿಯನ್ನು ಬರಹಕ್ಕಿಳಿಸುವಾಗ ಆ ಕೆಮ್ಮನ್ನು ಬಿಟ್ಟು ಸಾಲುಗಳನ್ನು ಜೋಡಿಸಿದೆ. ಪಾಠ ಶುದ್ಧವಾಯಿತೆಂದು ಆಗ ಸಮಾಧಾನವೂ ಆಗಿತ್ತು.

ಇನ್ನು ಪ್ರಯೋಗಶಾಲೆಯ ಕಡೆಗೆ ತಿರುಗಬಹುದು. ಜರ್ಮನಿಯ ರಸಾಯನಶಾಸ್ತ್ರಜ್ಞ ಯೂಸ್ಟುಸ್ ಫಾನ್ ಲೀಬಿಗ್ 1835ರಲ್ಲಿ ಮದ್ಯಸಾರದಿಂದ ಜಲಜನಕವನ್ನು ತೆಗೆದಾಗ ಉಳಿಯುವ ದ್ರವಕ್ಕೆ, ಆ ಅರ್ಥವನ್ನೇ ಕೊಡುವ ಲ್ಯಾಟಿನ್ ಮಾತುಗಳನ್ನು ಕತ್ತರಿಸಿ ಜೋಡಿಸಿ, 'ಆಲ್ಡಿಹೈಡ್' ಎಂಬ ಹೆಸರನ್ನಿಟ್ಟ. ಇಂದು ನಾವು ಅಸಿಟಾಲ್ಡಿಹೈಡ್ ಎನ್ನುವುದು ಅದನ್ನೇ. ಕೆಲವೇ ವರ್ಷಗಳ ಅಂತರದಲ್ಲಿ, ಕೊಬ್ಬನ್ನು ಅತಿಯಾಗಿ ಕಾಯಿಸಿದಾಗ ಏಳುವ ಆವಿಗೆ ಅಕ್ರೊಲೀನ್ ಎಂಬ ಹೆಸರು ಬಂದಿತು. ಆ ಹೆಸರಿನ ಮೊದಲ ಭಾಗಕ್ಕೆ ಲ್ಯಾಟಿನ್ನಿನಲ್ಲಿ ಖಾರ, ಚುರುಕು ಎಂಬ ಅರ್ಥವಿದೆ. ಯುರೋಪಿನ ಪಂಡಿತರು ಗ್ರಾಂಥಿಕ ಭಾಷೆಯಲ್ಲಿ ಮಾಡಿದ್ದೂ ನಮ್ಮವರು ಒಗ್ಗರಣೆಯ ಎದುರು ಮಾಡಿದ್ದೂ ಒಂದೇ ಕೆಲಸ: ಮೂಗು ಹೇಳಿದ್ದನ್ನು ಹೆಸರಾಗಿಸುವುದು. ಈ ಆವಿ ಎಷ್ಟು ಘಾಟೆಂದರೆ ಮೊದಲನೆಯ ಮಹಾಯುದ್ಧದಲ್ಲಿ ಅದನ್ನು ಶತ್ರುಗಳ ಕಣ್ಣಿಗೆ ಎರಚುವ ಅಸ್ತ್ರವಾಗಿ ಬಳಸಲಾಯಿತು.

ಫಾರ್ಮಾಲ್ಡಿಹೈಡಿನ ಕತೆ ಸ್ವಲ್ಪ ತಡವಾಗಿ ತೊಡಗುತ್ತದೆ. ರಷ್ಯದ ಅಲೆಕ್ಸಾಂಡರ್ ಬಟ್ಲೆರೋವ್ 1859ರಲ್ಲಿ ಅದನ್ನು ಕಂಡಿದ್ದ. ಅದು ಇಂಥದೇ ಎಂದು ಖಚಿತಪಡಿಸಿದವನು ಆಗಸ್ಟ್ ವಿಲ್ಹೆಲ್ಮ್ ಫಾನ್ ಹಾಫ್‌ಮನ್, 1867ರ ಸುಮಾರಿಗೆ. ಮಿಥೈಲ್ ಆಲ್ಕೊಹಾಲಿನ ಆವಿಯನ್ನು ಗಾಳಿಯೊಡನೆ ಕಾದ ಪ್ಲಾಟಿನಂ ತಂತಿಯ ಮೇಲೆ ಹಾಯಿಸಿ ಆತ ಅದನ್ನು ಪಡೆದ. ಮಿಥೈಲ್ ಆಲ್ಕೊಹಾಲೆಂದರೆ ಆ ಕಾಲಕ್ಕೆ ಕಟ್ಟಿಗೆಯನ್ನು ಗಾಳಿಯಾಡದಂತೆ ಸುಟ್ಟು ಬಂದ ಹೊಗೆಯನ್ನು ತಣಿಸಿ ತೆಗೆಯುತ್ತಿದ್ದ ದ್ರವ. ಇಲ್ಲಿ ನಮ್ಮ ನಾಡಿನ ಒಂದು ಸಂಗತಿಯನ್ನು ನೆನೆಯಬಹುದು. 1923ರಲ್ಲಿ ಭದ್ರಾವತಿಯಲ್ಲಿ ಕೆಲಸ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದ ಕಬ್ಬಿಣ ಕರಗಿಸುತ್ತಿತ್ತು. ಮಲೆನಾಡಿನ ಕಾಡಿನ ಮರವನ್ನು ಇದ್ದಿಲು ಮಾಡುವಾಗ ಏಳುವ ಹೊಗೆಯನ್ನು ವ್ಯರ್ಥಗೊಳಿಸದೆ ತಣಿಸಿ ಮಿಥೈಲ್ ಆಲ್ಕೊಹಾಲ್, ಅಸಿಟೇಟ್, ಮರದ ಡಾಂಬರು ಮೊದಲಾದವನ್ನು ಪಡೆಯುವ ಭಟ್ಟಿಘಟಕ ಅದರ ಜೊತೆಗಿತ್ತು. ಸಂಸ್ಥಾನದ ಕಾರ್ಖಾನೆಗೆ ಹೊಗೆಯಲ್ಲಿ ಏನೇನಿದೆ ಎಂಬುದು ಗೊತ್ತಿತ್ತು, ಅದಕ್ಕೆ ಬೆಲೆಯಿತ್ತು. ಅದೇ ಕಾಡಿನ ಸೌದೆಯನ್ನು ಒಲೆಗೆ ಒಡ್ಡುತ್ತಿದ್ದವಳ ಮನೆಯಲ್ಲಿ ಅದು ಹಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು, ಅಥವಾ ಹೋಗುತ್ತಿರಲಿಲ್ಲ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುವ ಘಟನೆ 1893ರದು. ಫ್ರಾಂಕ್‌ಫರ್ಟಿನ ವೈದ್ಯ ಫರ್ಡಿನಾಂಡ್ ಬ್ಲೂಮ್ ಫಾರ್ಮಾಲ್ಡಿಹೈಡನ್ನು ನೀರಿನಲ್ಲಿ ಕರಗಿಸಿದ ದ್ರಾವಣ, ಅಂದರೆ ಫಾರ್ಮಲಿನ್, ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಪರೀಕ್ಷಿಸುತ್ತಿದ್ದ. ಕೆಲಸ ಮಾಡುತ್ತಾ ತನ್ನ ಬೆರಳ ತುದಿಯ ಚರ್ಮ ಗಟ್ಟಿಯಾಗಿರುವುದನ್ನು ಅವನು ಗಮನಿಸಿದ. ಬೇರೆಯವರಾಗಿದ್ದರೆ ಕೈತೊಳೆದು ಸುಮ್ಮನಾಗುತ್ತಿದ್ದರೇನೋ. ಜೀವಂತ ಚರ್ಮಕ್ಕೆ ಹೀಗೆ ಮಾಡುವ ದ್ರವ ಸತ್ತ ಅಂಗಾಂಶವನ್ನೂ ಗಟ್ಟಿಗೊಳಿಸಿ ಕೊಳೆಯದಂತೆ ಇಡಬಲ್ಲದೆಂದು ಬ್ಲೂಮ್ ಊಹಿಸಿದ. ಊಹೆ ನಿಜವಾಯಿತು. ಅಂದಿನಿಂದ ಇಂದಿನವರೆಗೆ ರೋಗನಿದಾನಕ್ಕಾಗಿ ತೆಗೆದ ಅಂಗಾಂಶದ ತುಣುಕು ಮೊದಲು ಬೀಳುವುದು ಫಾರ್ಮಲಿನ್ನಿಗೆ. ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗದ ಹೊಸ್ತಿಲಲ್ಲೇ ಕಣ್ಣಿಗೆ ರಾಚುವ ವಾಸನೆಯೂ ಅದರದೇ.

ಹೊಗೆಯ ಅಟ್ಟಕ್ಕೂ ಬ್ಲೂಮನ ಬೆರಳಿಗೂ ಸಂಬಂಧವಿದೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಜಿಂಕೆಯ ತೊಗಲನ್ನು ಹೊಗೆಗೆ ಹಿಡಿದು ಹದಮಾಡುತ್ತಿದ್ದರು. ಹಾಗೆ ಮಾಡಿದ ತೊಗಲು ನೀರಿಗೆ ನೆನೆದರೂ ಮತ್ತೆ ಬಿರುಸಾಗುವುದಿಲ್ಲ. ಅಲ್ಲಿ ಕೆಲಸ ಮಾಡಿದ್ದು ಹೊಗೆಯ ಆಲ್ಡಿಹೈಡುಗಳು. ಈ ಅಣುಗಳ ಒಂದು ತುದಿಯಲ್ಲಿ ಆಮ್ಲಜನಕಕ್ಕೆ ಅಂಟಿಕೊಂಡ ಇಂಗಾಲವಿರುತ್ತದೆ. ಅದು ಪ್ರೋಟೀನುಗಳಲ್ಲಿರುವ ಸಾರಜನಕದ ಗುಂಪುಗಳನ್ನು ಹುಡುಕಿ ಹಿಡಿಯುತ್ತದೆ. ಒಮ್ಮೆ ಹಿಡಿದ ಮೇಲೆ ಪಕ್ಕದ ಇನ್ನೊಂದು ಗುಂಪನ್ನೂ ಹಿಡಿದು ಎರಡರ ನಡುವೆ ಕಿರುಸೇತುವೆ ಕಟ್ಟುತ್ತದೆ. ಬಿಡಿಬಿಡಿಯಾಗಿ ಜಾರಾಡುತ್ತಿದ್ದ ಎಳೆಗಳು ಹೀಗೆ ಬೆಸೆದುಕೊಂಡು ಗಟ್ಟಿಯಾಗುತ್ತವೆ. ಬೆಸೆದುಕೊಂಡ ಪ್ರೋಟೀನನ್ನು ಕೊಳೆಸುವ ಸೂಕ್ಷ್ಮಜೀವಿಗೂ ಜೀರ್ಣಿಸುವುದು ಕಷ್ಟ. ಸೂಕ್ಷ್ಮಜೀವಿಯ ಸ್ವಂತ ಪ್ರೋಟೀನುಗಳೂ ಬೆಸೆದುಹೋಗಿ ಅದು ಸಾಯುತ್ತದೆ. ಕಾಯುವ ಗುಣವೆಂದು ನಾವು ಹೇಳಿದ್ದು ಇದನ್ನೇ. ಆದರೆ ಸಾರಜನಕದ ಆ ಗುಂಪುಗಳು ತೊಗಲಿನಲ್ಲಿ, ಮೀನಿನಲ್ಲಿ ಮಾತ್ರ ಇಲ್ಲ. ಬದುಕಿರುವ ಪ್ರತಿಯೊಂದು ಜೀವಕೋಶದ ಡಿ.ಎನ್.ಎ.ಯಲ್ಲೂ, ಅದಕ್ಕೆ ಸುತ್ತಿಕೊಂಡಿರುವ ಪ್ರೋಟೀನುಗಳಲ್ಲೂ ಇವೆ. ಒಲೆಯ ಮೇಲಿನ ಬುಟ್ಟಿಯನ್ನು ಉಳಿಸುವ ರಸಾಯನಕ್ರಿಯೆಯೂ ಒಲೆಯ ಮುಂದಿನವಳ ಶ್ವಾಸನಾಳದಲ್ಲಿ ನಡೆಯುವ ಕ್ರಿಯೆಯೂ ಮೂಲತಃ ಒಂದೇ ಎಂಬುದು ಈ ಲೇಖನದ ಮುಖ್ಯ ಮಾತು.

ಡಿ.ಎನ್.ಎ.ಯನ್ನು ಎರಡು ಎಳೆ ಹೊಸೆದ ಹುರಿಯೆಂದು ಭಾವಿಸಿದರೆ, ಜೀವಕೋಶ ಇಬ್ಭಾಗವಾಗುವ ಮುನ್ನ ಆ ಹುರಿ ಬಿಚ್ಚಿಕೊಳ್ಳಬೇಕು. ಪ್ರತಿ ಎಳೆಗೂ ಹೊಸ ಜೋಡಿ ಎಳೆ ನೇಯಬೇಕು. ಅಕ್ರೊಲೀನ್, ಅಸಿಟಾಲ್ಡಿಹೈಡ್‌ನಂಥವು ಅದರ ಗ್ವಾನೀನ್ ಎಂಬ ಘಟಕಕ್ಕೆ ಅಂಟಿಕೊಂಡು ಗಂಟುಗಳನ್ನು ಉಂಟುಮಾಡುತ್ತವೆ. ನೇಯುವ ಕಿಣ್ವ ಗಂಟನ್ನು ತಪ್ಪಾಗಿ ಓದಿ ಬೇರೆ ಘಟಕವನ್ನು ಸೇರಿಸಿಬಿಡಬಹುದು. ಅಕ್ಷರ ತಪ್ಪಿದ ಪ್ರತಿಯೇ ಮುಂದೆ ನಕಲಾಗುತ್ತಾ ಹೋಗುತ್ತದೆ. ಇದು ಉತ್ಪರಿವರ್ತನೆ. ಇನ್ನೂ ಕೆಟ್ಟದ್ದೆಂದರೆ ಎರಡು ಎಳೆಗಳನ್ನೇ ಒಂದಕ್ಕೊಂದು ಬೆಸೆಯುವುದು, ಅಥವಾ ಫಾರ್ಮಾಲ್ಡಿಹೈಡ್ ಹೆಚ್ಚಾಗಿ ಮಾಡುವಂತೆ, ಒಂದು ಭಾರೀ ಪ್ರೋಟೀನನ್ನು ಎಳೆಗೆ ಬೆಸೆದುಬಿಡುವುದು. ಆಗ ಬಿಚ್ಚುವ ಕೆಲಸವೇ ನಿಂತು ಹುರಿ ತುಂಡಾಗುತ್ತದೆ. ತುಂಡುಗಳು ಅಡ್ಡಾದಿಡ್ಡಿ ಕೂಡಿಕೊಂಡು ವರ್ಣತಂತುಗಳು ವಿಕಾರಗೊಳ್ಳುತ್ತವೆ. ಕೋಶ ಸತ್ತರೆ ಅಂಗಾಂಶ ಕ್ಷೀಣಿಸುತ್ತದೆ. ಸಾಯದೆ ಕೆಟ್ಟ ಪ್ರತಿಯೊಡನೆ ಉಳಿದರೆ ಕ್ಯಾನ್ಸರಿಗೆ ದಾರಿಯಾಗಬಹುದು.

ಇದರ ಮೊದಲ ಸುಳಿವು ಸಿಕ್ಕಿದ್ದು ಡಿ.ಎನ್.ಎ.ಯ ರಚನೆ ತಿಳಿಯುವುದಕ್ಕೂ ಮುಂಚೆ. ಸೋವಿಯತ್ ತಳಿವಿಜ್ಞಾನಿ ಜೋಸೆಫ್ ರಾಪೊಪೋರ್ಟ್ ಹಣ್ಣಿನ ನೊಣದ ಮರಿಗಳಿಗೆ ಫಾರ್ಮಾಲ್ಡಿಹೈಡ್ ಬೆರೆಸಿದ ಆಹಾರ ತಿನ್ನಿಸಿ, ಅವುಗಳ ಮುಂದಿನ ಪೀಳಿಗೆಯಲ್ಲಿ ಉತ್ಪರಿವರ್ತನೆಗಳು ಹೆಚ್ಚುವುದನ್ನು 1946ರಲ್ಲಿ ಪ್ರಕಟಿಸಿದ. ರಾಸಾಯನಿಕವೊಂದು ವಂಶವಾಹಿಯನ್ನು ಬದಲಿಸಬಲ್ಲದೆಂಬುದನ್ನು ಸಾಸಿವೆ ಅನಿಲದ ಮೂಲಕ ಶಾರ್ಲಟ್ ಆವರ್‌ಬಾಕ್ ಬ್ರಿಟನ್ನಿನಲ್ಲಿ ತೋರಿಸಿದ್ದೂ ಸರಿಸುಮಾರು ಅದೇ ಕಾಲದಲ್ಲಿ. ರಾಪೊಪೋರ್ಟ್ ಯುದ್ಧದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು ಬಂದವನು. 1948ರ ಆಗಸ್ಟಿನಲ್ಲಿ ಲೈಸೆಂಕೊನ ಪಕ್ಷದವರು ತಳಿವಿಜ್ಞಾನವನ್ನೇ ಹುಸಿಯೆಂದು ಸಾರಿದ ಸಭೆಯಲ್ಲಿ ಎದ್ದುನಿಂತು ವಿರೋಧಿಸಿದ ಕೆಲವೇ ಜನರಲ್ಲಿ ಅವನೊಬ್ಬ. ಫಲವಾಗಿ ಕೆಲಸ ಹೋಯಿತು. ಸುಮಾರು ಒಂಬತ್ತು ವರ್ಷ ತನ್ನ ವಿಷಯಕ್ಕೆ ಸಂಬಂಧವಿಲ್ಲದ ಭೂವಿಜ್ಞಾನದ ಕೆಲಸದಲ್ಲಿ ದಿನ ದೂಡಬೇಕಾಯಿತು. ಫಾರ್ಮಾಲ್ಡಿಹೈಡಿನ ಕೇಡು ಬಹುಕಾಲ ನೊಣಗಳ ವಿಚಾರವಾಗಿಯೇ ಉಳಿಯಿತು.

ಅಷ್ಟರಲ್ಲಿ ಆ ವಸ್ತು ಮನೆಮನೆಗೆ ಬಂದಿತ್ತು. ಲಿಯೋ ಬೇಕ್‌ಲ್ಯಾಂಡ್ 1907ರಲ್ಲಿ ಫೀನಾಲ್ ಮತ್ತು ಫಾರ್ಮಾಲ್ಡಿಹೈಡನ್ನು ಬೆಸೆದು ಬೇಕಲೈಟ್ ಮಾಡಿದ. ಮುಂದೆ ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿನಲ್ಲಿ, ಸುಕ್ಕುಗಟ್ಟದ ಬಟ್ಟೆಯ ಲೇಪದಲ್ಲಿ ಅದೇ ಬೆಸುಗೆಯ ಗುಣ ಬಳಕೆಗೆ ಬಂದಿತು. ಸುಮಾರು 1980ರಲ್ಲಿ ಅಮೆರಿಕದಲ್ಲಿ ಇಲಿಗಳ ಮೇಲೆ ನಡೆದ ದೀರ್ಘ ಪ್ರಯೋಗದಲ್ಲಿ, ಗಾಳಿಯ ಹತ್ತು ಲಕ್ಷ ಭಾಗಕ್ಕೆ ಹದಿನಾಲ್ಕು ಹದಿನೈದು ಭಾಗದಷ್ಟು ಫಾರ್ಮಾಲ್ಡಿಹೈಡ್ ಸೇರಿದ ಗಾಳಿಯನ್ನು ಉಸಿರಾಡಿದ ಪ್ರಾಣಿಗಳ ಮೂಗಿನೊಳಗೆ ಕ್ಯಾನ್ಸರ್ ಕಂಡಿತು. ಅಂಥ ಪ್ರಮಾಣ ಸಾಮಾನ್ಯ ಮನೆಯಲ್ಲಿರದು ಎಂಬುದು ನಿಜ. ಆದರೂ ಕಾರ್ಖಾನೆಯ ಕಾರ್ಮಿಕರು, ಶವಗಳಿಗೆ ಫಾರ್ಮಲಿನ್ ತುಂಬುವವರು ಇವರ ಆರೋಗ್ಯದ ದಾಖಲೆಗಳು ಒಟ್ಟುಗೂಡಿದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಆಗ ಆಧಾರವಾಗಿದ್ದುದು ಮೂಗಿನ ಹಿಂಭಾಗದ ಗಂಟಲಿನ ಕ್ಯಾನ್ಸರ್. 2009ರಲ್ಲಿ ರಕ್ತದ ಕ್ಯಾನ್ಸರನ್ನೂ ಸೇರಿಸಲಾಯಿತು. ಬ್ಲೂಮನ ಬೆರಳು ಗಟ್ಟಿಯಾದ ಮೇಲೆ ನೂರಹನ್ನೊಂದು ವರ್ಷ ಕಳೆದಿತ್ತು.

ಮೂಗಿನಲ್ಲಿ ಮುಗಿಯಬೇಕಾದ ಕೇಡು ಎಲುಬಿನೊಳಗಿನ ಮಜ್ಜೆಗೆ ಹೇಗೆ ತಲುಪೀತು ಎಂಬ ಪ್ರಶ್ನೆ ಸಹಜ. ಹೊರಗಿನಿಂದ ಉಸಿರಾಡಿದ ಫಾರ್ಮಾಲ್ಡಿಹೈಡ್ ಮಜ್ಜೆಯವರೆಗೆ ಹೋಗುತ್ತದೆಯೇ ಎಂಬ ವಿವಾದ ಇಂದಿಗೂ ಪೂರ್ತಿ ತೀರಿಲ್ಲ. ಆದರೆ ಆಲ್ಡಿಹೈಡ್ ಹೊರಗಿನ ಶತ್ರು ಮಾತ್ರವಲ್ಲ ಎಂಬ ಅನಿರೀಕ್ಷಿತ ಸಂಗತಿ ಇನ್ನೊಂದು ದಿಕ್ಕಿನಿಂದ ಬೆಳಕಿಗೆ ಬಂದಿತು. ನಮ್ಮ ದೇಹವೇ ತನ್ನ ನಿತ್ಯದ ಕೆಲಸದಲ್ಲಿ ಫಾರ್ಮಾಲ್ಡಿಹೈಡನ್ನು ಉತ್ಪಾದಿಸುತ್ತದೆ. ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಗೀಡೊ ಫ್ಯಾನ್ಕೋನಿ 1927ರಲ್ಲಿ ವಿವರಿಸಿದ ಒಂದು ಆನುವಂಶಿಕ ರೋಗವಿದೆ. ಆ ಮಕ್ಕಳ ಅಸ್ಥಿಮಜ್ಜೆ ಸಣ್ಣ ವಯಸ್ಸಿನಲ್ಲೇ ಬತ್ತುತ್ತದೆ; ರಕ್ತದ ಕ್ಯಾನ್ಸರಿನ ಅಪಾಯವೂ ಹೆಚ್ಚು. ಬೆಸೆದುಕೊಂಡ ಡಿ.ಎನ್.ಎ. ಎಳೆಗಳನ್ನು ಬಿಡಿಸಿ ಸರಿಪಡಿಸುವ ವ್ಯವಸ್ಥೆ ಅವರಲ್ಲಿ ಹುಟ್ಟಿನಿಂದಲೇ ಕೆಟ್ಟಿರುತ್ತದೆ ಎಂಬುದು ತಿಳಿದಿತ್ತು. ಆದರೆ ಎಳೆಗಳನ್ನು ಬೆಸೆಯುವವರು ಯಾರು? ಕೇಂಬ್ರಿಜ್‌ನಲ್ಲಿ ಕೇತನ್ ಪಟೇಲ್ ಅವರ ತಂಡ 2011ರಲ್ಲಿ ಉತ್ತರ ಕೊಟ್ಟಿತು. ಈ ದುರಸ್ತಿ ವ್ಯವಸ್ಥೆಯ ಜೊತೆಗೆ ಆಲ್ಡಿಹೈಡನ್ನು ಅಳಿಸಿಹಾಕುವ ಕಿಣ್ವವನ್ನೂ ಕಳೆದುಕೊಂಡ ಇಲಿಮರಿಗಳು ದೇಹದಲ್ಲೇ ಹುಟ್ಟುವ ಆಲ್ಡಿಹೈಡನ್ನು ತಾಳಲಾರದೆ ರಕ್ತದ ಕ್ಯಾನ್ಸರಿಗೆ ತುತ್ತಾದವು. 2018ರಲ್ಲಿ ಅದೇ ತಂಡ, ಕುಡಿದ ಮದ್ಯದಿಂದ ಹುಟ್ಟುವ ಅಸಿಟಾಲ್ಡಿಹೈಡ್ ಇಂಥ ಇಲಿಗಳ ರಕ್ತೋತ್ಪಾದಕ ಕಾಂಡಕೋಶಗಳ ವರ್ಣತಂತುಗಳನ್ನು ಹೇಗೆ ಚೂರುಮಾಡುತ್ತದೆ ಎಂಬುದನ್ನು ತೋರಿಸಿತು. 2020ರಲ್ಲಿ ಫಾರ್ಮಾಲ್ಡಿಹೈಡ್ ಅಳಿಸುವ ಎರಡೂ ಕಿಣ್ವಗಳಲ್ಲಿ ದೋಷವಿರುವ ಮಕ್ಕಳಲ್ಲಿ ಮಜ್ಜೆ ಸೋಲುವುದು ವರದಿಯಾಯಿತು. ದೇಹಕ್ಕೆ ಎರಡು ಕಾವಲುಗಳಿವೆ. ಮೊದಲು ಆಲ್ಡಿಹೈಡನ್ನು ಅಳಿಸುವ ಕಿಣ್ವಗಳು, ಅವು ತಪ್ಪಿಸಿಕೊಂಡುದಕ್ಕೆ ಡಿ.ಎನ್.ಎ. ದುರಸ್ತಿ. ಹೊರಗಿನ ಹೊಗೆ ಈಗಾಗಲೇ ದುಡಿಯುತ್ತಿರುವ ಈ ಕಾವಲುಗಳ ಮೇಲೆ ಹೇರಿದ ಹೆಚ್ಚಿನ ಹೊರೆ.

ಮದ್ಯದ ಮಾತು ಬಂದುದರಿಂದ ಒಂದೆರಡು ಸಂಗತಿ. ಪೂರ್ವ ಏಷ್ಯಾದ ಜನರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚಿನವರಿಗೆ ಅಸಿಟಾಲ್ಡಿಹೈಡ್ ಅಳಿಸುವ ಕಿಣ್ವ ದುರ್ಬಲವಾಗಿದ್ದು, ಸ್ವಲ್ಪ ಕುಡಿದರೂ ಮುಖ ಕೆಂಪೇರುತ್ತದೆ. ಆದರೂ ಕುಡಿತ ಮುಂದುವರಿಸಿದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಬಹಳಷ್ಟು ಏರುತ್ತದೆ. ಭಾರತೀಯರಲ್ಲಿ ಈ ದೌರ್ಬಲ್ಯ ವಿರಳ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಎಂಬ ಮಾತ್ರೆ ಇದೇ ಕಿಣ್ವವನ್ನು ಕೃತಕವಾಗಿ ತಡೆಯುತ್ತದೆ. ಅದರ ಈ ಗುಣ ಡೆನ್ಮಾರ್ಕಿನಲ್ಲಿ 1948ರ ವೇಳೆಗೆ ತಿಳಿದಿತ್ತು. ಮಾತ್ರೆ ನುಂಗಿ ಕುಡಿದವನಿಗಾಗುವ ತಲೆನೋವು, ವಾಂತಿ, ಎದೆಬಡಿತ ಶುದ್ಧ ಆಲ್ಡಿಹೈಡಿನ ಅನುಭವ.

ಮತ್ತೆ ಒಲೆಗೆ ಬರೋಣ. ಹೊಗೆ ಹೆಣ್ಣುಮಕ್ಕಳ ರೋಗಕ್ಕೆ ಕಾರಣವೆಂಬ ಮಾತು ನಮ್ಮ ದೇಶದ ವೈದ್ಯಕೀಯ ಬರಹದಲ್ಲಿ ಮೊದಲು ಗಟ್ಟಿಯಾಗಿ ಬಂದದ್ದು ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರಿಂದ. ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ಸೋಲುವ ರೋಗವನ್ನು ದೆಹಲಿಯ 127 ರೋಗಿಗಳಲ್ಲಿ ಪರಿಶೀಲಿಸಿ ಅವರೂ ಸಹೋದ್ಯೋಗಿಯೂ 1959ರಲ್ಲಿ ಪ್ರಬಂಧ ಪ್ರಕಟಿಸಿದರು. ಪಶ್ಚಿಮದಲ್ಲಿ ಅದು ಬೀಡಿ ಸಿಗರೇಟು ಸೇದುವ ಗಂಡಸರ ರೋಗ. ಇಲ್ಲಿ ಸೇದದ ಹೆಂಗಸರಲ್ಲೂ ಅದು ಗಣನೀಯವಾಗಿತ್ತು. ಗಾಳಿಯಾಡದ ಅಡುಗೆಮನೆಯ ಹೊಗೆಯತ್ತ ಅವರು ಬೆರಳು ತೋರಿದರು. ಆಮೇಲೆ ಎರಡು ದಶಕ ಆ ಮಾತನ್ನು ಯಾರೂ ಅಳೆದು ನೋಡಲಿಲ್ಲವೆಂಬಂತೆ ತೋರುತ್ತದೆ. ಕರ್ಕ್ ಸ್ಮಿತ್ ಮತ್ತು ಗುಜರಾತಿನ ಸಹೋದ್ಯೋಗಿಗಳು ಅಲ್ಲಿನ ನಾಲ್ಕು ಹಳ್ಳಿಗಳಲ್ಲಿ ಅಡುಗೆ ಮಾಡುವ ಹೆಂಗಸರ ಮೈಮೇಲೆಯೇ ಉಪಕರಣ ತೊಡಿಸಿ ಅಳತೆ ಮಾಡಿ 1983ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಡುಗೆಯ ಹೊತ್ತಿನಲ್ಲಿ ಆ ಹೆಂಗಸರು ಉಸಿರಾಡುತ್ತಿದ್ದ ಗಾಳಿಯಲ್ಲಿ ಘನಮೀಟರಿಗೆ ಸರಾಸರಿ ಸುಮಾರು 7 ಮಿಲಿಗ್ರಾಂ ಕಣಗಳಿದ್ದವು.

ಹೊಗೆಯ ಕೇಡನ್ನೆಲ್ಲ ಆಲ್ಡಿಹೈಡುಗಳ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಸೌದೆಯ ಹೊಗೆಯಲ್ಲಿ ನೂರಾರು ದ್ರವ್ಯಗಳಿವೆ. ಸೂಕ್ಷ್ಮ ಕಣಗಳು, ಇಂಗಾಲದ ಮಾನಾಕ್ಸೈಡ್, ಬೆಂಜೋಪೈರೀನ್ ಇವು ಪ್ರತಿಯೊಂದೂ ತನ್ನ ಪಾಲಿನ ಹಾನಿ ಮಾಡುತ್ತವೆ. ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2006ರಲ್ಲಿ ಮನೆಯೊಳಗೆ ಕಲ್ಲಿದ್ದಲು ಉರಿಸಿದ ಹೊಗೆಯನ್ನು ಕ್ಯಾನ್ಸರ್‌ಕಾರಕವೆಂದು ಖಚಿತವಾಗಿ ಹೇಳಿದರೂ, ಸೌದೆ ಮೊದಲಾದ ಜೈವಿಕ ಉರುವಲಿನ ಹೊಗೆಯನ್ನು 'ಬಹುಶಃ' ಎಂಬ ಗುಂಪಿನಲ್ಲಿಟ್ಟಿತು. ಅಕ್ರೊಲೀನನ್ನು 2020ರ ಪರಿಶೀಲನೆಯಲ್ಲಿ ಅದೇ 'ಬಹುಶಃ' ಗುಂಪಿಗೆ ಸೇರಿಸಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ ಸತ್ತವರು 32 ಲಕ್ಷ. ಅವರಲ್ಲಿ ಹೆಚ್ಚಿನವರದು ಹೃದಯ, ಮಿದುಳು, ಶ್ವಾಸಕೋಶದ ರೋಗಗಳಿಂದಾದ ಸಾವು. ಕ್ಯಾನ್ಸರಿನ ಪಾಲು ಚಿಕ್ಕದು.

ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರ ಎಂಬತ್ತರ ದಶಕದಲ್ಲಿ ರೂಪಿಸಿದ ಅಸ್ತ್ರ ಒಲೆಯನ್ನು ಕರ್ನಾಟಕದ ಹಳ್ಳಿಗಳು ಬಲ್ಲವು. ಮೂರು ಪಾತ್ರೆಗೆ ಸಾಲು ಕಿಂಡಿ, ಹೊಗೆಗೆ ಕೊಳವೆ, ಸೌದೆಯಲ್ಲಿ ಉಳಿತಾಯ. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವೂ ಅದೇ ಕಾಲದಲ್ಲಿ ತೊಡಗಿ 2002ರವರೆಗೆ ನಡೆಯಿತು. ಈ ಯೋಜನೆಗಳ ಭಾಷೆಯಲ್ಲಿ ಮೊದಲ ಸ್ಥಾನ ಕಾಡಿನ ಉಳಿವಿಗೆ, ಸೌದೆಯ ಮಿತವ್ಯಯಕ್ಕೆ. ಅಡುಗೆಯವಳ ಉಸಿರು ಅದರ ಹಿಂದೆ ನಿಂತಿತ್ತು. ನಾನು ಕಂಡ ಹಲವು ಮನೆಗಳಲ್ಲಿ ಕೊಳವೆ ಮಸಿ ಕಟ್ಟಿ ಮುಚ್ಚಿಹೋಗಿತ್ತು. ಕೆಲವೆಡೆ ಕೊಳವೆಯನ್ನು ಬೇಕೆಂದೇ ಕಿತ್ತಿದ್ದರು. ಕಾರಣ ಕೇಳಿದಾಗ ಮಲೆನಾಡಿನ ಒಬ್ಬ ಹಿರಿಯ ಗೃಹಿಣಿ ಅಟ್ಟವನ್ನು ತೋರಿಸಿದರು. ಹೊಗೆ ಹೊರಗೆ ಹೋದರೆ ಬುಟ್ಟಿಗೂ ಮಾಡಿನ ಜಂತೆಗೂ ಗೆದ್ದಲು ಹಿಡಿಯುವುದನ್ನು ತಡೆಯುವುದು ಹೇಗೆ ಎಂಬುದು ಅವರ ಪ್ರಶ್ನೆ. ಅದು ಮೌಢ್ಯದ ಪ್ರಶ್ನೆಯಲ್ಲ. ಒಂದೇ ವಸ್ತುವಿನ ಎರಡು ಮುಖಗಳಲ್ಲಿ ಒಂದನ್ನು ಮಾತ್ರ ಕಂಡ ಯೋಜನೆಗೆ ಆಕೆ ಇನ್ನೊಂದನ್ನು ತೋರಿಸಿದ್ದರು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಡಿ ದೇಶದಲ್ಲಿ ಹತ್ತು ಕೋಟಿಗೂ ಹೆಚ್ಚು ಅಡುಗೆ ಅನಿಲದ ಸಂಪರ್ಕಗಳಾಗಿವೆ. ಆದರೂ ಹಬ್ಬದ ಅಡುಗೆಗೆ, ಸ್ನಾನದ ನೀರಿಗೆ, ರೊಟ್ಟಿಗೆ ಸೌದೆಯೊಲೆ ಉಳಿದಿರುವ ಮನೆಗಳು ಕಡಮೆಯೇನಲ್ಲ.

ಕಾಯುವ ಗುಣದ ಆಸೆಯೂ ಮುಗಿದಿಲ್ಲ. 2018ರಲ್ಲಿ ಕೇರಳದ ಗಡಿ ತಪಾಸಣೆಯಲ್ಲಿ ಫಾರ್ಮಲಿನ್ ಬೆರೆತ ಮೀನು ಸಾವಿರಾರು ಕಿಲೋಗಳಷ್ಟು ಸಿಕ್ಕಿತು. ಅದೇ ವರ್ಷ ಗೋವಾ ಹೊರರಾಜ್ಯಗಳ ಮೀನನ್ನು ಕೆಲಕಾಲ ತಡೆಹಿಡಿಯಿತು. ಕರ್ನಾಟಕದ ಕರಾವಳಿಯ ವ್ಯಾಪಾರಕ್ಕೂ ಅದರ ಬಿಸಿ ತಟ್ಟಿತು. ಒಲೆಯ ಮೇಲೆ ಕಟ್ಟಿದ ಮೀನಿಗೂ ಈ ಮೀನಿಗೂ ರಸಾಯನಶಾಸ್ತ್ರದಲ್ಲಿ ನೆಂಟಸ್ತಿಕೆಯಿದೆ. ಆದರೆ ಹೊಗೆಯ ಮೀನು ತಾನು ಹೊಗೆಯದೆಂದು ವಾಸನೆಯಲ್ಲೇ ಹೇಳುತ್ತದೆ. ಫಾರ್ಮಲಿನ್ನಿನ ಮೀನು ತಾಜಾ ಎಂದು ಸುಳ್ಳು ಹೇಳುತ್ತದೆ.

ಇತ್ತೀಚೆಗೆ ನನ್ನ ಹಳೆಯ ಕ್ಷೇತ್ರ ಟಿಪ್ಪಣಿಗಳನ್ನು ಮತ್ತೆ ತೆರೆದೆ. ಆಶಯ ಸೂಚಿಯಲ್ಲಿ 'ಹೊಗೆ' ಎಂಬ ಪದದ ಎದುರು 'ದುಃಖ ನೋಡಿ' ಎಂದು ಬರೆದಿತ್ತು. ಅದೇ ಕಟ್ಟಿನಲ್ಲಿ, ಹಾಡಿಗೆ ಸಂಬಂಧಿಸಿಲ್ಲವೆಂದು ಬದಿಗಿಟ್ಟ ಒಂದು ಹಾಳೆ. ಕೋಲಾರದ ಕಡೆಯ ವಕ್ತೃವೊಬ್ಬರು ಕೆಮ್ಮು ನಿಂತ ಮೇಲೆ, ಕೇಳದಿದ್ದರೂ, ಉರುವಲಿನ ಪಟ್ಟಿಯನ್ನೇ ಕೊಟ್ಟಿದ್ದರು: ಜಾಲಿಯ ಕೆಂಡ ಒಳ್ಳೆಯದು, ಬೇವಿನ ಹೊಗೆ ಕಣ್ಣಿಗೆ ಬರುತ್ತದೆ, ನೀಲಗಿರಿ ಎಲೆ ಗಂಟಲು ಹಿಡಿಯುತ್ತದೆ, ಬೆರಣಿಯದು ಎಲ್ಲಕ್ಕಿಂತ ಹೊತ್ತು ನಿಲ್ಲುತ್ತದೆ. ಹಸಿಯದರ ಹೊಗೆ ಕಣ್ಣಿಗೆ ಬಂದು ಏಳಿಸುತ್ತದೆ, ಒಣಗಿದ್ದರ ಹೊಗೆ ಸದ್ದಿಲ್ಲದೆ ಎದೆಗೆ ಇಳಿಯುತ್ತದೆ ಎಂದೂ ಹೇಳಿದ್ದರು. ಘಾಟು ಆಲ್ಡಿಹೈಡುಗಳ ಗುರುತು, ಸೂಕ್ಷ್ಮ ಕಣಗಳಿಗೆ ಘಾಟಿಲ್ಲ. ಹಾಳೆಯ ಅಂಚಿನಲ್ಲಿ ನಾನು 'ಅಪ್ರಸ್ತುತ' ಎಂದು ಪೆನ್ಸಿಲಿನಲ್ಲಿ ಬರೆದಿದ್ದೆ. ಅದನ್ನು ಅಳಿಸಿ, ಪಟ್ಟಿಯನ್ನು ಹಾಡಿನ ಪಾಠದ ಜೊತೆಗೆ, ಕೆಮ್ಮು ಬಂದ ಜಾಗದಲ್ಲಿಯೇ, ಸೇರಿಸಿದ್ದೇನೆ.